ಫೋನಿನ ಆ ತುದಿ: ಸೆಬಾಸ್ಟಿಯನ್ ಪಿನ್ಯೇರಾ ಬಿಟ್ಟುಹೋದ ಲೆಕ್ಕ

2010ರ ಆಗಸ್ಟ್ 22, ಭಾನುವಾರ. ಚಿಲಿ ದೇಶದ ಅಟಕಾಮಾ ಮರುಭೂಮಿ, ಕೊಪಿಯಾಪೊ ಪಟ್ಟಣದ ಹತ್ತಿರದ ಸ್ಯಾನ್ ಹೊಸೆ ಗಣಿ. ಸುಮಾರು 700 ಮೀಟರ್ ಆಳಕ್ಕೆ ಇಳಿದಿದ್ದ ಕೊರೆಯುವ ಕೊಳವೆಯನ್ನು ಮೇಲಕ್ಕೆಳೆದಾಗ ಅದರ ತುದಿಯಲ್ಲಿ ಒಂದು ಚೀಟಿ ಇತ್ತು. ಕೆಂಪು ಅಕ್ಷರದಲ್ಲಿ ಒಂದೇ ಸಾಲು: ಆಶ್ರಯದ ಜಾಗದಲ್ಲಿ ನಾವು 33 ಜನವೂ ಕ್ಷೇಮ. ಗಣಿ ಕುಸಿದು ಆಗಲೇ 17 ದಿನ ಕಳೆದಿತ್ತು. ಪ್ಲಾಸ್ಟಿಕ್ ಹೊದಿಸಿದ ಆ ಚೀಟಿಯನ್ನು ಕ್ಯಾಮೆರಾಗಳ ಮುಂದೆ ಎತ್ತಿ ಹಿಡಿದವರು ದೇಶದ ಅಧ್ಯಕ್ಷರು, ಸೆಬಾಸ್ಟಿಯನ್ ಪಿನ್ಯೇರಾ.

ಇದಾದ ನಾಲ್ಕೇ ದಿನಕ್ಕೆ, 26ರಂದು, ಅದೇ ಅಧ್ಯಕ್ಷರು ಸುಯೆಜ್ ಎಂಬ ಫ್ರೆಂಚ್ ಕಂಪನಿಯ ಮುಖ್ಯಸ್ಥರಿಗೆ ಫೋನ್ ಮಾಡಿದರು. ಆ ಕಂಪನಿ ಕೊಕಿಂಬೊ ಪ್ರಾಂತ್ಯದ ಕರಾವಳಿಯಲ್ಲಿ, ಹಂಬೋಲ್ಟ್ ಪೆಂಗ್ವಿನ್ ರಕ್ಷಿತಾರಣ್ಯದ ಸಮೀಪ, 540 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟಬೇಕೆಂದಿತ್ತು. ಯೋಜನೆಯ ಹೆಸರು ಬರಾಂಕೊನೆಸ್. ಪ್ರಾಂತ್ಯದ ಪರಿಸರ ಆಯೋಗ ಎರಡು ದಿನದ ಹಿಂದಷ್ಟೇ ಅದಕ್ಕೆ ಒಪ್ಪಿಗೆ ಕೊಟ್ಟಿತ್ತು. ಬೀದಿಯಲ್ಲಿ ಪ್ರತಿಭಟನೆ ಎದ್ದಿತು. ಅಧ್ಯಕ್ಷರು ಟಿವಿಯ ಮುಂದೆ ಬಂದು, ಕಂಪನಿಯ ಜೊತೆ ಮಾತಾಡಿದ್ದೇನೆ, ಸ್ಥಾವರ ಆ ಜಾಗದಲ್ಲಿ ಬರುವುದಿಲ್ಲ ಎಂದರು. ಪರಿಸರದವರಿಗೆ ಖುಷಿಯಾಯಿತು. ಕಾನೂನು ಬಲ್ಲವರು ಮಾತ್ರ ಹುಬ್ಬೇರಿಸಿದರು. ವರ್ಷಗಟ್ಟಲೆ ಕಡತ ನೋಡಿ ಕೊಟ್ಟ ತೀರ್ಮಾನ ಒಂದು ಫೋನ್ ಕರೆಗೆ ಬಿದ್ದುಹೋಗುವುದಾದರೆ ಆಯೋಗ ಯಾಕೆ ಬೇಕು ಎಂದು ಅವರು ಕೇಳಿದರು.

ಈ ಕರೆಯನ್ನು ನೆನಪಿನಲ್ಲಿಡಿ. ಹನ್ನೊಂದು ವರ್ಷದ ಮೇಲೆ ಇದು ತಿರುಗಿ ಬರುತ್ತದೆ. ಪಿನ್ಯೇರಾ ಫೋನಿನಲ್ಲಿ ರಾಜ್ಯಭಾರ ಮಾಡಿದ ಮನುಷ್ಯ ಎಂಬುದು ನನ್ನ ವಾದ. ಆ ತುದಿಯಲ್ಲಿ ಫೋನ್ ಎತ್ತುವವರು, ಬೆಲೆ ಹೇಳುವವರು, ಗಡುವು ಒಪ್ಪುವವರು ಯಾರಾದರೂ ಇದ್ದಾಗ ಅವರಷ್ಟು ಚುರುಕಾಗಿ ಕೆಲಸ ಮುಗಿಸಿದವರು ಕಡಿಮೆ. ಆ ತುದಿಯಲ್ಲಿ ಯಾರೂ ಇಲ್ಲದಾಗ ಅವರು ಮುಗ್ಗರಿಸಿದರು. ಈ ತುದಿಯಲ್ಲಿ ಮಾತಾಡುತ್ತಿರುವುದು ಅಧ್ಯಕ್ಷರೋ ವ್ಯಾಪಾರಿಯೋ ಎಂಬ ಅನುಮಾನವಂತೂ ಕೊನೆಯವರೆಗೂ ಅವರ ಬೆನ್ನು ಬಿಡಲಿಲ್ಲ.

ಮೊದಲು ದುಡ್ಡಿನ ವಿಷಯ. 1949ರಲ್ಲಿ ಹುಟ್ಟಿದರು. ತಂದೆ ರಾಯಭಾರಿ, ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷದವರು. ಹಾರ್ವರ್ಡ್‌ನಲ್ಲಿ ಅರ್ಥಶಾಸ್ತ್ರದ ಡಾಕ್ಟರೇಟ್ ಮುಗಿಸಿ 1976ರಲ್ಲಿ ಊರಿಗೆ ಮರಳಿದಾಗ ಸೇನೆಯ ಜನರಲ್ ಪಿನೊಷೆಯ ಸರ್ವಾಧಿಕಾರ ನಡೆಯುತ್ತಿತ್ತು, ಮಾರುಕಟ್ಟೆಯ ಬಾಗಿಲುಗಳನ್ನು ಒಂದೊಂದಾಗಿ ತೆರೆಯಲಾಗುತ್ತಿತ್ತು. ಅಣ್ಣ ಹೊಸೆ ಪಿನ್ಯೇರಾ ಕಾರ್ಮಿಕ ಸಚಿವರಾಗಿ ದೇಶದ ಪಿಂಚಣಿಯನ್ನು ಖಾಸಗಿ ನಿಧಿಗಳ ಕೈಗೆ ಕೊಟ್ಟರು. ತಮ್ಮ ಸೆಬಾಸ್ಟಿಯನ್ ಕ್ರೆಡಿಟ್ ಕಾರ್ಡ್ ತಂದರು. ಬ್ಯಾಂಕಾರ್ಡ್ ಎಂಬ ಕಂಪನಿ ಕಟ್ಟಿ ವೀಸಾ, ಮಾಸ್ಟರ್‌ಕಾರ್ಡ್‌ಗಳನ್ನು ಚಿಲಿಯ ಅಂಗಡಿಗಳಿಗೆ ಮುಟ್ಟಿಸಿದ್ದೇ ಅವರ ಸಂಪತ್ತಿನ ಅಡಿಗಲ್ಲು. ಆಮೇಲೆ ಲಾನ್ ವಿಮಾನ ಕಂಪನಿಯಲ್ಲಿ ಸುಮಾರು ಶೇ 26ರ ಪಾಲು, ಚಿಲೆವಿಸಿಯೊನ್ ಟಿವಿ ಚಾನೆಲ್, ಕೊಲೊ-ಕೊಲೊ ಫುಟ್‌ಬಾಲ್ ಕ್ಲಬ್ಬಿನ ಷೇರು. 2010ರ ಹೊತ್ತಿಗೆ ಆಸ್ತಿ 200 ಕೋಟಿ ಡಾಲರ್ ದಾಟಿತ್ತು.

ಈ ದಾರಿಯಲ್ಲಿ ಎರಡು ಮುಳ್ಳುಗಳಿವೆ. 1982ರಲ್ಲಿ ತಾವು ಪ್ರಧಾನ ವ್ಯವಸ್ಥಾಪಕರಾಗಿದ್ದ ತಾಲ್ಕಾ ಬ್ಯಾಂಕಿನ ಪ್ರಕರಣದಲ್ಲಿ ಅವರ ಮೇಲೆ ಬಂಧನದ ಆದೇಶ ಹೊರಟಿತು. ಅವರು 24 ದಿನ ತಲೆಮರೆಸಿಕೊಂಡಿದ್ದರು. ಸುಪ್ರೀಂ ಕೋರ್ಟು ಆದೇಶವನ್ನು ರದ್ದು ಮಾಡಿದ ಮೇಲೆ ಹೊರಬಂದರು. ಎರಡನೆಯದು 2006ರ ಜುಲೈನದು. ಲಾನ್‌ನ ನಿರ್ದೇಶಕರ ಮಂಡಳಿ ಕಂಪನಿಯ ಲೆಕ್ಕಪತ್ರಕ್ಕೆ ಒಪ್ಪಿಗೆ ಕೊಟ್ಟ ದಿನವೇ, ಆ ಲೆಕ್ಕ ಸಾರ್ವಜನಿಕರ ಕೈಗೆ ಹೋಗುವ ಮುನ್ನ, ನಿರ್ದೇಶಕರಲ್ಲೊಬ್ಬರಾದ ಪಿನ್ಯೇರಾ 30 ಲಕ್ಷ ಷೇರು ಕೊಂಡರು. ಷೇರುಪೇಟೆಯ ನಿಯಂತ್ರಕರು 2007ರಲ್ಲಿ ಸುಮಾರು 36 ಕೋಟಿ ಪೆಸೊ ದಂಡ ಹಾಕಿದರು. ಹೊರಿಸಿದ ತಪ್ಪು ಯಾವುದು ಎಂಬುದನ್ನು ಇಲ್ಲಿ ಗಮನಿಸಬೇಕು. ಒಳಗಿನ ಮಾಹಿತಿ ಬಳಸಿ ಲಾಭ ಹೊಡೆದರು ಎಂದು ನಿಯಂತ್ರಕರು ಹೇಳಲಿಲ್ಲ. ಆ ಮಾಹಿತಿ ಕೈಯಲ್ಲಿರುವಾಗ ಕೊಳ್ಳದೆ ಸುಮ್ಮನಿರಬೇಕಾದ ಕರ್ತವ್ಯ ಮುರಿದರು ಎಂದರು. ವಿರೋಧಿಗಳು ಈ ಎರಡನ್ನೂ ಕಲಸಿ ಹೇಳುತ್ತಾರೆ. ಅಭಿಮಾನಿಗಳು ದಂಡದ ಮಾತನ್ನೇ ಎತ್ತುವುದಿಲ್ಲ. ಪಿನ್ಯೇರಾ ತಾವು ನಿರ್ದೋಷಿ ಎಂದರು, ಮೇಲ್ಮನವಿ ಹಾಕದೆ ದಂಡ ಕಟ್ಟಿದರು.

ರಾಜಕೀಯದಲ್ಲೂ ಅವರು ಎರಡು ಕಡೆಯ ಲೆಕ್ಕ ಇಟ್ಟವರೇ. 1988ರ ಜನಮತಗಣನೆಯಲ್ಲಿ ಪಿನೊಷೆ ಬೇಡ ಎಂದು ಮತ ಹಾಕಿದರು. ಮರುವರ್ಷ ಪಿನೊಷೆಯ ಹಣಕಾಸು ಸಚಿವರಾಗಿದ್ದ ಹೆರ್ನಾನ್ ಬ್ಯೂಕಿಯವರ ಚುನಾವಣಾ ಪ್ರಚಾರದ ಹೊಣೆ ಹೊತ್ತರು. 1990ರಿಂದ 1998ರವರೆಗೆ ಸೆನೆಟರ್. ಫೋನು ಅವರಿಗೆ ಮೊದಲ ಸಲ ಕೈಕೊಟ್ಟಿದ್ದೂ ಆಗಲೇ. 1992ರ ಆಗಸ್ಟ್‌ನಲ್ಲಿ ಒಂದು ಟಿವಿ ಚಾನೆಲ್ಲಿನ ಮಾಲೀಕ ರಿಕಾರ್ಡೊ ಕ್ಲಾರೊ ನೇರ ಪ್ರಸಾರದಲ್ಲಿ ಕಿಯೊಟೊ ಕಂಪನಿಯ ಟೇಪ್ ರೆಕಾರ್ಡರ್ ಮೇಜಿನ ಮೇಲಿಟ್ಟು ಗುಂಡಿ ಒತ್ತಿದರು. ಪಿನ್ಯೇರಾ ದನಿ ಕೇಳಿಸಿತು: ಸ್ವಪಕ್ಷದ ಎದುರಾಳಿ ಎವೆಲಿನ್ ಮಾತೇ ಅವರನ್ನು ಟಿವಿ ಚರ್ಚೆಯಲ್ಲಿ ಸಿಕ್ಕಿಸುವುದು ಹೇಗೆಂದು ಗೆಳೆಯರೊಬ್ಬರಿಗೆ ಫೋನಿನಲ್ಲಿ ಹೇಳಿಕೊಡುತ್ತಿದ್ದರು. ಆ ಸಲ ಇಬ್ಬರ ಅಧ್ಯಕ್ಷ ಸ್ಥಾನದ ಆಸೆಯೂ ಮಣ್ಣುಪಾಲಾಯಿತು. ಚಿಲಿಯಲ್ಲಿ ಈ ಹಗರಣಕ್ಕೆ ಇಂದಿಗೂ ಆ ರೆಕಾರ್ಡರಿನದೇ ಹೆಸರು, ಕಿಯೊಟಾಸೊ.

2010ರ ಜನವರಿಯಲ್ಲಿ ಶೇ 51.6 ಮತ ಪಡೆದು ಗೆದ್ದರು. 1958ರಲ್ಲಿ ಹೋರ್ಹೆ ಅಲೆಸ್ಸಾಂದ್ರಿ ಗೆದ್ದ ಮೇಲೆ ಚುನಾವಣೆಯ ದಾರಿಯಲ್ಲಿ ಬಂದ ಮೊದಲ ಬಲಪಂಥೀಯ ಅಧ್ಯಕ್ಷರು ಇವರು. ಫೆಬ್ರುವರಿ 27ರಂದು 8.8 ತೀವ್ರತೆಯ ಭೂಕಂಪ. ಮಾರ್ಚ್ 11ರ ಪ್ರಮಾಣವಚನದ ಹೊತ್ತಿಗೂ ಸಭಾಂಗಣ ನಡುಗುತ್ತಿತ್ತು.

ವ್ಯಾಪಾರಿ ಅಧ್ಯಕ್ಷನಾದರೆ ಅಂಗಡಿಯನ್ನು ಏನು ಮಾಡಬೇಕು? ಇದಕ್ಕೆ ಪ್ರಪಂಚದಲ್ಲಿ ಎಲ್ಲರೂ ಹೇಳುವ ಔಷಧಿ ಬ್ಲೈಂಡ್ ಟ್ರಸ್ಟ್. ಅದರ ಕೆಲಸ ಹೀಗೆ. ಮಾಲೀಕ ತನ್ನ ಷೇರುಗಳನ್ನು ಹೊರಗಿನ ನಿರ್ವಾಹಕ ಸಂಸ್ಥೆಗೆ ಒಪ್ಪಿಸುತ್ತಾನೆ. ಎಷ್ಟು ಅಪಾಯ ತಾಳಬಲ್ಲೆ, ವರ್ಷಕ್ಕೆ ಎಷ್ಟು ಹಣ ಬೇಕು ಎಂಬ ಮೇಲುಮೇಲಿನ ಸೂಚನೆ ಮೊದಲ ದಿನವೇ ಬರೆದುಕೊಡುತ್ತಾನೆ. ಆಮೇಲೆ ಮಾತು ಬಂದ್. ನಿರ್ವಾಹಕರು ಏನು ಕೊಂಡರು, ಏನು ಮಾರಿದರು ಎಂದು ಅವರೂ ಹೇಳಕೂಡದು, ಇವನೂ ಕೇಳಕೂಡದು. ಕೆಲವು ತಿಂಗಳಲ್ಲಿ ಹಳೆಯ ಷೇರು ಹೋಗಿ ಹೊಸದು ಬಂದಿರುತ್ತದೆ. ಯಾವ ತೀರ್ಮಾನದಿಂದ ತನ್ನ ಜೇಬು ತುಂಬುತ್ತದೆ ಎಂಬುದೇ ಮಾಲೀಕನಿಗೆ ಗೊತ್ತಿರುವುದಿಲ್ಲ. ಕಾಗದದ ಮೇಲೆ ಇಷ್ಟು ಚೆನ್ನಾಗಿದೆ.

ಸೋರುವುದು ಮೂರು ಕಡೆ. ಮಾರಲು ಕಷ್ಟವಾದ ದೊಡ್ಡ ಪಾಲು ಇದ್ದರೆ ಟ್ರಸ್ಟಿನೊಳಗೂ ಅದು ಹಾಗೇ ಕೂತಿರುತ್ತದೆ, ಕಣ್ಣಿಗೆ ಕಟ್ಟಿದ ಬಟ್ಟೆಯ ಆಚೆಗೂ ಮಾಲೀಕನಿಗೆ ಕಾಣುತ್ತದೆ. ಹೆಂಡತಿ ಮಕ್ಕಳ ಹೆಸರಿನ ಆಸ್ತಿ ಹೊರಗೇ ಉಳಿಯಬಹುದು. ವಿದೇಶದಲ್ಲಿರುವ ಹಣದ ಮಾತು ಬೇರೆ. 2009ರಲ್ಲಿ ಪಿನ್ಯೇರಾ ಸುಮಾರು 40 ಕೋಟಿ ಡಾಲರ್ ಬೆಲೆಯ ಚಿಲಿಯ ಷೇರುಗಳನ್ನು ತಾವಾಗಿಯೇ ಇಂಥ ಟ್ರಸ್ಟಿಗೆ ಒಪ್ಪಿಸಿದರು. ಆಗ ದೇಶದಲ್ಲಿ ಇದಕ್ಕೊಂದು ಕಾನೂನೇ ಇರಲಿಲ್ಲ, ಅದು ಬಂದದ್ದು 2016ರಲ್ಲಿ. ಹಾಗಾಗಿ ಅವರು ಮಾಡಿದ್ದು ಕಾನೂನು ಕೇಳಿದ್ದಕ್ಕಿಂತ ಹೆಚ್ಚು. ಆದರೆ ಲಾನ್, ಚಾನೆಲ್, ಫುಟ್‌ಬಾಲ್ ಕ್ಲಬ್ ಅದರೊಳಗೆ ಇರಲಿಲ್ಲ. ಲಾನ್ ಷೇರುಗಳ ಮಾರಾಟ ಮುಗಿಯುವಷ್ಟರಲ್ಲಿ ಅವರು ಅಧಿಕಾರಕ್ಕೆ ಬಂದು ಎರಡು ವಾರ ಆಗುತ್ತ ಬಂದಿತ್ತು. ಚಾನೆಲ್ಲನ್ನು ಆ ವರ್ಷವೇ ಅಮೆರಿಕದ ಟೈಮ್ ವಾರ್ನರ್ ಕೊಂಡಿತು, ಕ್ಲಬ್ಬಿನ ಷೇರು ಹೋದದ್ದು ವರ್ಷದ ಕೊನೆಗೆ. ವಿದೇಶದ ಹೂಡಿಕೆ ಪೂರ್ತಿ ಹೊರಗೆ.

ಅದರಲ್ಲಿ ಒಂದು, ಎಕ್ಸಾಲ್ಮಾರ್ ಎಂಬ ಪೆರು ದೇಶದ ಮೀನುಗಾರಿಕೆ ಕಂಪನಿ. ಕಡಲ ಗಡಿಗಾಗಿ ಪೆರು ಚಿಲಿಯನ್ನು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಎಳೆದಿತ್ತು. ಚಿಲಿಯ ಪರವಾಗಿ ಮೊಕದ್ದಮೆ ನಡೆಸುತ್ತಿದ್ದ ಸರ್ಕಾರದ ಮುಖ್ಯಸ್ಥರ ಕುಟುಂಬದ ಕಂಪನಿ, ಅದೇ ಕಡಲಿನ ಮೀನಿನಿಂದ ಲಾಭ ಪಡೆಯಬಲ್ಲ ಪೆರುವಿನ ಕಂಪನಿಯಲ್ಲಿ ಶೇ 9ರಷ್ಟು ಪಾಲು ಇಟ್ಟುಕೊಂಡಿತ್ತು. 2016ರಲ್ಲಿ ಸುದ್ದಿ ಹೊರಬಿತ್ತು. ತನಿಖೆ ನಡೆದು ಮರುವರ್ಷ ಮೊಕದ್ದಮೆ ಇಲ್ಲದೆ ಮುಗಿಯಿತು. ನನಗೆ ಗೊತ್ತಿರಲಿಲ್ಲ ಎಂದು ಪಿನ್ಯೇರಾ ಹೇಳಿದರು. ಅದು ನಿಜವೇ ಇರಬಹುದು. ಬ್ಲೈಂಡ್ ಟ್ರಸ್ಟಿನ ತಮಾಷೆಯೇ ಇದು: ಅದರೊಳಗೆ ಹಾಕದ ಹಣದ ಬಗ್ಗೆಯೂ ಗೊತ್ತಿಲ್ಲ ಎನ್ನಬಹುದು.

ಈಗ ಬರಾಂಕೊನೆಸ್‌ಗೆ ವಾಪಸು. ಆ ಸ್ಥಾವರ ಬರಬೇಕಿದ್ದದ್ದು ಲಾ ಹಿಗೇರಾ ಎಂಬ ತಾಲ್ಲೂಕಿನಲ್ಲಿ. ಅದೇ ತಾಲ್ಲೂಕಿನಲ್ಲಿ ಡೊಮಿಂಗಾ ಎಂಬ ಕಬ್ಬಿಣ ಮತ್ತು ತಾಮ್ರದ ಗಣಿ ಯೋಜನೆಯೂ ಇತ್ತು. ಅದರಲ್ಲಿ ಪಿನ್ಯೇರಾ ಕುಟುಂಬಕ್ಕೆ ಪಾಲಿತ್ತು. ಫೋನ್ ಕರೆಯಾಗಿ ನಾಲ್ಕು ತಿಂಗಳೊಳಗೆ, 2010ರ ಡಿಸೆಂಬರ್‌ನಲ್ಲಿ, ಬಾಲ್ಯದ ಗೆಳೆಯ ಕಾರ್ಲೊಸ್ ಆಲ್ಬೆರ್ತೊ ದೇಲಾನೊ ಅದನ್ನು 15.2 ಕೋಟಿ ಡಾಲರಿಗೆ ಕೊಂಡರು. ಪತ್ರಗಳು ಎರಡು. 1.4 ಕೋಟಿಯ ಪತ್ರ ಚಿಲಿಯಲ್ಲಿ, ಉಳಿದ 13.8 ಕೋಟಿಯದು ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ. ಹಣ ಮೂರು ಕಂತು. ಕೊನೆಯ ಕಂತು, ಹತ್ತಿರ ಹತ್ತಿರ ಒಂದು ಕೋಟಿ ಡಾಲರ್, ಕೈಸೇರಬೇಕಾದರೆ ಒಂದು ಷರತ್ತು: ಆ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದೋ ರಕ್ಷಿತಾರಣ್ಯವೆಂದೋ ಘೋಷಿಸಿ ಗಣಿಗೆ ಅಡ್ಡಿ ಮಾಡಿರಕೂಡದು.

ಗಣಿ ವ್ಯವಹಾರ ಬಲ್ಲವರಿಗೆ ಇಂಥ ಷರತ್ತು ಹೊಸದಲ್ಲ. ಪರವಾನಗಿ ಸಿಗದಿದ್ದರೆ ಅದಿರು ಬರೀ ಕಲ್ಲು. ಕೊಳ್ಳುವವನು ಆ ಅಪಾಯದ ಪಾಲನ್ನು ಮಾರುವವನ ತಲೆಗೂ ಕಟ್ಟುತ್ತಾನೆ. ಇಲ್ಲಿ ತೊಡಕಾದದ್ದು ಷರತ್ತಿನಿಂದ ಅಲ್ಲ. ರಕ್ಷಿತಾರಣ್ಯ ಘೋಷಿಸುವ ಅಧಿಕಾರ ಇದ್ದದ್ದು ಅಧ್ಯಕ್ಷರ ಸರ್ಕಾರಕ್ಕೆ, ಘೋಷಣೆ ಆಗದಿದ್ದರೆ ಕಂತು ಬರುತ್ತಿದ್ದದ್ದು ಅಧ್ಯಕ್ಷರ ಕುಟುಂಬಕ್ಕೆ. ಪೆಂಗ್ವಿನ್‌ಗಳನ್ನು ಉಳಿಸಿದ ಕರೆ ಎಂದು ಹನ್ನೊಂದು ವರ್ಷ ಹೊಗಳಿಸಿಕೊಂಡ ಫೋನನ್ನು ಜನ ಈಗ ತಿರುಗಿಸಿ ನೋಡತೊಡಗಿದರು.

2021ರ ಅಕ್ಟೋಬರ್‌ನಲ್ಲಿ ಪಂಡೋರಾ ಪೇಪರ್ಸ್, ಅಂದರೆ ವಿದೇಶಿ ಗುಪ್ತ ಕಂಪನಿಗಳ ಸೋರಿಕೆಯಾದ ಕಡತಗಳ ರಾಶಿ, ಈ ಪತ್ರಗಳನ್ನು ಬಯಲಿಗಿಟ್ಟಿತು. 2009ರಿಂದಲೇ ನಾನು ಕಂಪನಿಗಳ ಆಡಳಿತದಿಂದ ದೂರ, ಇದನ್ನೆಲ್ಲ 2017ರಲ್ಲೇ ತನಿಖೆ ಮಾಡಿ ಮುಗಿಸಿದ್ದಾರೆ ಎಂದು ಪಿನ್ಯೇರಾ ಉತ್ತರ ಕೊಟ್ಟರು. ಕೆಳಮನೆಯಲ್ಲಿ ವಾಗ್ದಂಡನೆ ಬಂತು. ಅಂಗೀಕಾರಕ್ಕೆ 78 ಮತ ಬೇಕಿತ್ತು, ಒಂದೊಂದೂ ಲೆಕ್ಕ. ವಿರೋಧ ಪಕ್ಷದ ಜಾರ್ಜಿಯೊ ಜಾಕ್ಸನ್ ಕೋವಿಡ್ ಕ್ವಾರಂಟೈನಿನಲ್ಲಿದ್ದರು, ಅದು ಮುಗಿಯುವುದು ಮಧ್ಯರಾತ್ರಿಗೆ. ಹಾಗಾಗಿ ಹೈಮೆ ನಾರಾಂಹೊ ಎಂಬ ಸದಸ್ಯರು ಬೆಳಿಗ್ಗೆ ಎದ್ದು ನಿಂತವರು ಆರೋಪಪಟ್ಟಿಯನ್ನು ಸುಮಾರು 15 ಗಂಟೆ ಓದಿದರು. ಜಾಕ್ಸನ್ ಬಂದರು, 78 ಆಯಿತು. ಸೆನೆಟ್‌ನಲ್ಲಿ ಮೂರನೇ ಎರಡು ಭಾಗ, ಅಂದರೆ 29 ಮತ ಬೇಕಿತ್ತು, 24 ಬಿತ್ತು. ಪಿನ್ಯೇರಾ ಉಳಿದರು. ನಿರ್ದೋಷಿ ಎಂದು ಯಾವ ನ್ಯಾಯಾಲಯವೂ ಹೇಳಿದ್ದಲ್ಲ ಎಂದು ಎಡದವರು, ತಪ್ಪಿತಸ್ಥ ಎಂದೂ ಹೇಳಿಲ್ಲವಲ್ಲ ಎಂದು ಬಲದವರು. ಇಬ್ಬರದೂ ಸರಿ.

ಸ್ಯಾನ್ ಹೊಸೆ ಗಣಿಯ ವಿಷಯ ಅರ್ಧಕ್ಕೇ ನಿಂತಿದೆ. ಅವರ ಕೈಗುಣ ಕಾಣುವುದು ಅಲ್ಲೇ. ಚೀಟಿ ಸಿಕ್ಕ ಮೇಲೆ ಸರ್ಕಾರ ಒಂದೇ ದಾರಿಯನ್ನು ನೆಚ್ಚಿಕೊಳ್ಳಲಿಲ್ಲ. ಮೂರು ಯಂತ್ರ, ಮೂರು ಯೋಜನೆ, ಏಕಕಾಲಕ್ಕೆ: ಎ, ಬಿ, ಸಿ. ಮೇಲ್ವಿಚಾರಣೆಗೆ ಸರ್ಕಾರಿ ತಾಮ್ರ ಕಂಪನಿ ಕೊಡೆಲ್ಕೊದಿಂದ ಎಂಜಿನಿಯರ್ ಆಂದ್ರೆ ಸೊಗಾರೆಟ್, ಮೇಲೆ ಗಣಿ ಸಚಿವ ಲಾರೆನ್ಸ್ ಗೊಲ್ಬೊರ್ನೆ; ಇವರೂ ಮೊದಲು ಚಿಲ್ಲರೆ ಮಾರಾಟದ ದೊಡ್ಡ ಕಂಪನಿಯೊಂದರ ಮ್ಯಾನೇಜರ್. ಗೆದ್ದದ್ದು ಬಿ. ಅಲ್ಲಿ ಹೊಸದಾಗಿ ತೂತು ಕೊರೆಯಲಿಲ್ಲ, ಆಗಲೇ ಕೆಳಗೆ ಮುಟ್ಟಿದ್ದ ಸಣ್ಣ ತೂತನ್ನೇ ಹಂತಹಂತವಾಗಿ ಅಗಲ ಮಾಡಿದರು. ದಾರಿ ಗೊತ್ತಿದ್ದುದರಿಂದ ಕೊರೆ ಅಡ್ಡ ಹೋಗುವ ಭಯ ಕಡಿಮೆ, ಪುಡಿಯಾದ ಕಲ್ಲು ಕೆಳಕ್ಕೇ ಬೀಳುತ್ತಿತ್ತು, ಅದನ್ನು ಸಿಕ್ಕಿಕೊಂಡವರೇ ಬಾಚಿ ಸರಿಸುತ್ತಿದ್ದರು. ಮಧ್ಯದಲ್ಲಿ ಒಮ್ಮೆ ಕೊರೆಯ ತಲೆ ಮುರಿದು ಒಳಗೇ ಸಿಕ್ಕಿಹಾಕಿಕೊಂಡು ದಿನಗಳು ವ್ಯರ್ಥವಾದವು. ಅಕ್ಟೋಬರ್ 9ರಂದು ತಳ ಮುಟ್ಟಿತು. ತೂತಿನ ಅಗಲ ಸುಮಾರು 66 ಸೆಂಟಿಮೀಟರ್, ಜನರನ್ನು ಎತ್ತಿದ ಫೆನಿಕ್ಸ್ ಗೂಡಿನದು ಸುಮಾರು 54. ಅಷ್ಟರೊಳಗೆ ಒಬ್ಬ ಗಂಡಸಿನ ಭುಜ ತೂರಬೇಕು. 13ರಂದು ಒಬ್ಬೊಬ್ಬರಾಗಿ 33 ಜನವೂ ಮೇಲೆ ಬಂದರು, ಕುಸಿದ 69ನೇ ದಿನಕ್ಕೆ. ಕ್ರಿಸ್‌ಮಸ್ ಹೊತ್ತಿಗೆ ಆಗಬಹುದು ಎಂದು ಮೊದಲು ಹೇಳಿದ್ದರು.

ಆಮೇಲಿನದನ್ನು ಟಿವಿ ತೋರಿಸಲಿಲ್ಲ. ಅದೇ ಗಣಿಯನ್ನು 2007ರಲ್ಲಿ ಸಾವೊಂದರ ನಂತರ ಮುಚ್ಚಿಸಿ ಮರುವರ್ಷ ತೆರೆಯಲು ಬಿಟ್ಟಿದ್ದರು. ಗಾಳಿಕಿಂಡಿಯಲ್ಲಿ ಹತ್ತಿ ಬರಲು ಇರಬೇಕಾದ ಏಣಿ ಇರಲಿಲ್ಲ. ಇದ್ದಿದ್ದರೆ ಮೊದಲ ದಿನವೇ ಹತ್ತಿ ಬರಬಹುದಿತ್ತು. 2013ರಲ್ಲಿ ಪ್ರಾಸಿಕ್ಯೂಟರ್‌ಗಳು ಯಾರ ಮೇಲೂ ಆರೋಪ ಹೊರಿಸದೆ ಪ್ರಕರಣ ಮುಚ್ಚಿದರು. ಎತ್ತುವ ಕೆಲಸಕ್ಕೆ ಒಬ್ಬ ಅಧ್ಯಕ್ಷರ ಹಟ ಸಾಕು, ಏಣಿ ಇದೆಯೇ ಎಂದು ಪ್ರತಿ ವರ್ಷ ಹೋಗಿ ನೋಡುವುದಕ್ಕೆ ಇನ್ಸ್‌ಪೆಕ್ಟರುಗಳು ಬೇಕು.

ಲಸಿಕೆಯಲ್ಲೂ ಇದೇ ಕೈ. 2020ರ ಮಧ್ಯದಲ್ಲೇ ಹಲವು ಕಂಪನಿಗಳ ಜೊತೆ ಒಟ್ಟಿಗೆ ಮಾತುಕತೆ, ಚೀನಾದ ಸಿನೊವ್ಯಾಕ್‌ನ ಪ್ರಯೋಗಕ್ಕೆ ಸ್ಯಾಂಟಿಯಾಗೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಜಾಗ, ಅದಕ್ಕೆ ಪ್ರತಿಯಾಗಿ ಮುಂಚಿತ ಸರಬರಾಜು. 2021ರ ಫೆಬ್ರುವರಿ 3ರಿಂದ ಸಾರ್ವಜನಿಕ ಲಸಿಕೆ. ಈ ದಿನ ಈ ವಯಸ್ಸಿನವರು ಎಂಬ ಕ್ಯಾಲೆಂಡರ್ ಇತ್ತು. ಹತ್ತಿರದ ಕೇಂದ್ರಕ್ಕೆ ನಡೆದು ಹೋದರಾಯಿತು, ಎಲ್ಲ ಕಡೆ ಒಂದೇ ದಾಖಲೆ. ಕೆಲವೇ ವಾರದಲ್ಲಿ ಜಗತ್ತಿನ ಅತಿ ವೇಗದ ಲಸಿಕಾ ಕಾರ್ಯಗಳಲ್ಲಿ ಇದೂ ಒಂದಾಯಿತು. ಆದರೂ ಏಪ್ರಿಲ್‌ನಲ್ಲಿ ಆಸ್ಪತ್ರೆಗಳು ತುಂಬಿದವು, ಬೇಸಿಗೆ ರಜೆಗೆ ಓಡಾಡಲು ಬೇಗ ಪರವಾನಗಿ ಕೊಟ್ಟಿದ್ದರು.

ಇನ್ನು 2019. ಎರಡನೇ ಸಲ, ಶೇ 54.6 ಮತದಿಂದ, ಅವರು ಮರಳಿ ಬಂದು ಒಂದೂವರೆ ವರ್ಷವಾಗಿತ್ತು. ಸ್ಯಾಂಟಿಯಾಗೊ ಮೆಟ್ರೊದ ದರವನ್ನು ತಜ್ಞರ ಸಮಿತಿ ಒಂದು ಸೂತ್ರದಿಂದ ನಿಗದಿ ಮಾಡುತ್ತದೆ. ಇಂಧನ, ಡಾಲರ್, ಕೂಲಿ ಏರಿದಷ್ಟು ದರವೂ ಏರುತ್ತದೆ, ಯಾವ ಮಂತ್ರಿಯೂ ಸಹಿ ಹಾಕಬೇಕಿಲ್ಲ. ಅಕ್ಟೋಬರ್‌ನಲ್ಲಿ ದಟ್ಟಣೆಯ ಹೊತ್ತಿನ ಟಿಕೆಟ್ 800 ಪೆಸೊದಿಂದ 830ಕ್ಕೆ ಹೋಯಿತು. ಬೆಳಿಗ್ಗೆ ಬೇಗ ಎದ್ದರೆ ಕಡಿಮೆ ದರದಲ್ಲಿ ಹೋಗಬಹುದಲ್ಲ ಎಂದರು ಅರ್ಥ ಸಚಿವರು. ಮನೆ ನಗರದ ಅಂಚಿನಲ್ಲಿ, ಕೆಲಸ ಇನ್ನೊಂದು ಅಂಚಿನಲ್ಲಿ ಇರುವವರಿಗೆ ಈ ಮಾತು ಹೇಗೆ ನಾಟಿರಬೇಕು! ಶಾಲಾ ಮಕ್ಕಳು ಗೇಟು ಹಾರತೊಡಗಿದರು. ಚಿಲಿ ಈ ಖಂಡದ ಓಯಸಿಸ್ ಎಂದು ಅದೇ ತಿಂಗಳು ಅಧ್ಯಕ್ಷರು ಹೇಳಿದ್ದರು. 18ರ ರಾತ್ರಿ ಮೆಟ್ರೊ ನಿಲ್ದಾಣಗಳು ಉರಿಯುತ್ತಿದ್ದಾಗ ಅವರು ಮೊಮ್ಮಗನ ಹುಟ್ಟುಹಬ್ಬಕ್ಕೆ ಪಿಜ್ಜಾ ಅಂಗಡಿಯಲ್ಲಿದ್ದ ಫೋಟೊ ಊರೆಲ್ಲ ಹರಡಿತು.

ಈ ದಂಗೆಗೆ ನಾಯಕರಿರಲಿಲ್ಲ, ಬೇಡಿಕೆಗಳ ಪಟ್ಟಿ ಇರಲಿಲ್ಲ, ಕರೆ ಮಾಡಲು ನಂಬರೇ ಇರಲಿಲ್ಲ. "ಇದು 30 ಪೆಸೊ ಅಲ್ಲ, 30 ವರ್ಷ" ಎಂದು ಗೋಡೆಗಳ ಮೇಲೆ ಬರೆದಿದ್ದರು. 30 ವರ್ಷ ಎಂದರೆ ಸರ್ವಾಧಿಕಾರ ಹೋದ ಮೇಲಿನ ಕಾಲ. 20ರಂದು ಅಧ್ಯಕ್ಷರು ಸೇನಾಧಿಕಾರಿಗಳ ನಡುವೆ ನಿಂತು, ನಾವು ಬಲಿಷ್ಠ ಶತ್ರುವಿನ ಜೊತೆ ಯುದ್ಧದಲ್ಲಿದ್ದೇವೆ ಎಂದರು. ರಾಜಧಾನಿಯ ತುರ್ತು ಪರಿಸ್ಥಿತಿಯ ಹೊಣೆ ಹೊತ್ತಿದ್ದ ಜನರಲ್ ಇತುರ್ರಿಯಾಗಾ ಮರುದಿನ, ನಾನು ಸಂತೋಷವಾಗಿದ್ದೇನೆ, ಯಾರ ಜೊತೆಗೂ ನನಗೆ ಯುದ್ಧವಿಲ್ಲ ಎಂದುಬಿಟ್ಟರು. 25ರಂದು ಹತ್ತು ಲಕ್ಷಕ್ಕೂ ಹೆಚ್ಚು ಜನ ಪ್ಲಾಸಾ ಬಾಕೆದಾನೊದಲ್ಲಿ ಸೇರಿದರು.

ಬೆಲೆ ತೆತ್ತವರು ಬೇರೆಯವರು. 30ಕ್ಕೂ ಹೆಚ್ಚು ಸಾವು. ಪೊಲೀಸರ ಗುಂಡು, ಅಶ್ರುವಾಯು ಶೆಲ್‌ಗಳಿಂದ ಕಣ್ಣಿಗೆ ಗಾಯವಾದವರು 400ಕ್ಕೂ ಹೆಚ್ಚು ಎಂದು ದೇಶದ ಮಾನವ ಹಕ್ಕು ಸಂಸ್ಥೆಯೇ ದಾಖಲಿಸಿತು. ಫಾಬಿಯೊಲಾ ಕಾಂಪಿಯಾಯ್ ಕೆಲಸಕ್ಕೆ ಹೊರಟು ಬಸ್ಸಿನ ದಾರಿ ಹಿಡಿದಿದ್ದವರು, ಶೆಲ್ ಮುಖಕ್ಕೆ ಬಡಿದು ಎರಡೂ ಕಣ್ಣು ಹೋಯಿತು. 2021ರಲ್ಲಿ ಅವರು ಸೆನೆಟರ್ ಆಗಿ ಆಯ್ಕೆಯಾದರು. ಪಿನ್ಯೇರಾ ಪರಂಪರೆಯ ಜಮಾ-ಖರ್ಚು ಬರೆಯುವಾಗ ಲಸಿಕೆಯ ಅಂಕಿಯನ್ನು ಈ ಅಂಕಿಯಲ್ಲಿ ಕಳೆಯಲು ಬರುವುದಿಲ್ಲ; ಎರಡೂ ಬೇರೆ ಬೇರೆ ಪುಟ.

ದಾರಿ ಸಿಕ್ಕಿದ್ದು ಸಂಸತ್ತಿನಲ್ಲಿ. ನವೆಂಬರ್ 15ರ ನಸುಕಿನಲ್ಲಿ ಪಕ್ಷಗಳು ಹೊಸ ಸಂವಿಧಾನಕ್ಕೆ ಜನಮತ ಕೇಳುವ ಒಪ್ಪಂದ ಮಾಡಿಕೊಂಡವು. ಸೇನೆಯನ್ನು ಮತ್ತೆ ಬೀದಿಗಿಳಿಸದೆ ಪಿನ್ಯೇರಾ ಅದಕ್ಕೆ ಜಾಗ ಬಿಟ್ಟರು, ಇದು ಅವರ ದೊಡ್ಡ ಕೆಲಸ ಎಂದು ಅವರ ಕಡೆಯವರು ಹೇಳುತ್ತಾರೆ. ಪಿನೊಷೆಯ ಸಂವಿಧಾನವನ್ನು ಹರಾಜಿಗಿಟ್ಟರು ಎಂದು ಅವರಿಗಿಂತ ಬಲಕ್ಕಿರುವವರು ಬೈಯುತ್ತಾರೆ. ಬಲದವರ ಸಿಟ್ಟು ಹಳೆಯದು: 2013ರಲ್ಲಿ, ಪಿನೊಷೆ ಅಧಿಕಾರ ಹಿಡಿದ 1973ರ ಸೇನಾ ದಂಗೆಯ 40ನೇ ವರ್ಷಕ್ಕೆ, ಸರ್ವಾಧಿಕಾರಕ್ಕೆ ಸುಮ್ಮನೆ ಕೂತು ಸಹಕರಿಸಿದವರೂ ಇದ್ದರು ಎಂದು ಹೇಳಿ, ಹಕ್ಕು ಉಲ್ಲಂಘಿಸಿದ ಸೇನಾಧಿಕಾರಿಗಳ ಸುಖವಾಸದ ಕೊರ್ದಿಯೆರಾ ಜೈಲನ್ನು ಮುಚ್ಚಿಸಿದವರು ಇವರೇ. ಸಲಿಂಗ ವಿವಾಹದ ಕಾನೂನಿಗೆ 2021ರ ಡಿಸೆಂಬರ್‌ನಲ್ಲಿ ಸಹಿ ಹಾಕಿದವರೂ ಇವರೇ. 2022ರ ಜನವರಿಯಲ್ಲಿ, ಹೋಗುವ ಮುನ್ನ, 65 ದಾಟಿದ ಬಹುಪಾಲು ಜನರಿಗೆ ತಿಂಗಳಿಗೆ 1,85,000 ಪೆಸೊ ಸರ್ಕಾರಿ ಪಿಂಚಣಿ ಜಾರಿಗೆ ತಂದರು. ಅಣ್ಣ ಕಟ್ಟಿದ ಖಾಸಗಿ ಪಿಂಚಣಿ ಸಾಲದೆಂದು ತಮ್ಮನು ಸರ್ಕಾರದ ಖಜಾನೆಯಿಂದ ತೇಪೆ ಹಾಕಿದ್ದು ಅದು.

2024ರ ಫೆಬ್ರುವರಿ 6ರಂದು ರಾಂಕೊ ಸರೋವರದಲ್ಲಿ ಅವರೇ ನಡೆಸುತ್ತಿದ್ದ ಹೆಲಿಕಾಪ್ಟರ್ ನೀರಿಗೆ ಬಿತ್ತು. ಜೊತೆಗಿದ್ದ ಮೂವರು ಈಜಿ ದಡ ಸೇರಿದರು, 74ರ ಪಿನ್ಯೇರಾ ಮುಳುಗಿದರು. ಸರ್ಕಾರಿ ಗೌರವದ ಅಂತ್ಯಕ್ರಿಯೆಯಲ್ಲಿ ಮಾತಾಡಿದವರು ಆಗಿನ ಅಧ್ಯಕ್ಷ ಗೇಬ್ರಿಯೆಲ್ ಬೋರಿಕ್, 2011ರಲ್ಲಿ ಇದೇ ಪಿನ್ಯೇರಾ ಸರ್ಕಾರದ ವಿರುದ್ಧ ಬೀದಿಗಿಳಿದ ವಿದ್ಯಾರ್ಥಿ ನಾಯಕರಲ್ಲೊಬ್ಬರು. ಅವರ ಆಡಳಿತದ ಕಾಲದಲ್ಲಿ ನಮ್ಮ ದೂರುಗಳು, ಆಪಾದನೆಗಳು ಕೆಲವೊಮ್ಮೆ ನ್ಯಾಯವಾದದ್ದನ್ನೂ ಸಮಂಜಸವಾದದ್ದನ್ನೂ ಮೀರಿ ಹೋದವು ಎಂದು ಅವರು ಒಪ್ಪಿಕೊಂಡರು. ಅಂತ್ಯಕ್ರಿಯೆ ಮುಗಿಯುವಷ್ಟರಲ್ಲಿ ಬೋರಿಕ್ ಅವರ ಕೂಟದೊಳಗೇ ಆ ಒಂದು ವಾಕ್ಯದ ಮೇಲೆ ಜಗಳ ಶುರುವಾಗಿತ್ತು.